ಉಳಿದ ಒಂದು ಕಂಬ

ಪಶುಪತಿನಾಥನ ಗರ್ಭಗೃಹದಲ್ಲಿ ದಕ್ಷಿಣದೇಶದಿಂದ, ಅದರಲ್ಲಿಯೂ ವಿಶೇಷವಾಗಿ ನಮ್ಮ ಕರ್ಣಾಟಕದಿಂದ ಹೋದ ಭಟ್ಟರೇ ಪೂಜೆ ನಡೆಸುವ ಸಂಪ್ರದಾಯವಿರುವುದರಿಂದ, ಕಠ್ಮಂಡುವಿಗೆ ಹೋದ ಕನ್ನಡಿಗನಿಗೆ ಆ ಊರು ಪೂರ್ತಿಯಾಗಿ ಪರಸ್ಥಳವೆನಿಸುವುದಿಲ್ಲ. ದರ್ಶನವನ್ನು ಮುಗಿಸಿಕೊಂಡು, ಅನತಿದೂರದಲ್ಲಿರುವ ಬತ್ತೀಸ್‌ಪುತಲಿ, ಎಂದರೆ ಮೂವತ್ತೆರಡು ಪುತ್ಥಳಿಗಳ ಹೆಸರನ್ನು ಹೊತ್ತ ಬಡಾವಣೆಯ ಕಡೆಗೆ ನಾನು ನಡೆದುದು ಒಂದು ಕಂಬದ ಕಥೆಯನ್ನು ಅರಸಿಕೊಂಡು. ‘ದ್ವಾರಿಕಾಸ್’ ಎಂಬ ಹೋಟೆಲು ಇರುವುದು ಅಲ್ಲಿಯೇ.

1952ನೆಯ ಇಸವಿಯ ಒಂದು ಮುಂಜಾನೆ, ಆ ಹೋಟೆಲನ್ನು ಮುಂದೆ ಕಟ್ಟಿದ ದ್ವಾರಿಕಾದಾಸ ಶ್ರೇಷ್ಠರು ವ್ಯಾಯಾಮಕ್ಕೆಂದು ಓಡುತ್ತಿದ್ದಾಗ, ಕೆಡವಿದ ಹಳೆಯ ಮನೆಯೊಂದರ ಅವಶೇಷಗಳ ನಡುವೆ ಬಡಗಿಗಳು ಕಂಬವೊಂದರ ಕೆತ್ತನೆಯ ಭಾಗವನ್ನು ಗರಗಸದಿಂದ ಕೊಯ್ಯುತ್ತಿದ್ದುದನ್ನು ಕಂಡರಂತೆ. ಬಡಗಿಗಳಿಗೆ ಬೇಕಾಗಿದ್ದುದು ನುಣುಪಾದ ಮರ. ಶಿಲ್ಪವು ಅವರ ಪಾಲಿಗೆ ಅಡ್ಡಿ. ಶ್ರೇಷ್ಠರು ಗರಗಸವನ್ನು ನಿಲ್ಲಿಸಿದರು. ಬದಲಿಗೆ ಹೊಸ ಮರವನ್ನು ಕೊಟ್ಟು ಆ ಕಂಬವನ್ನು ಮನೆಗೆ ತಂದರು. ಕಂಬದ ಹಿಂದೆಯೇ ಕಿಟಕಿಗಳು ಬಂದುವು, ಬಾಗಿಲುಗಳು ಬಂದುವು, ತೋರಣಗಳು ಬಂದುವು. ಇವನ್ನೆಲ್ಲ ಇರಿಸುವುದಕ್ಕೆ ಸ್ಥಳವೂ ಸಲಹುವುದಕ್ಕೆ ದ್ರವ್ಯವೂ ಬೇಕಾದಾಗ, ಅತಿಥಿಗಳು ಕೊಡುವ ಬಾಡಿಗೆಯೇ ಶಿಲ್ಪದ ಪೋಷಣೆಯಾಗಲೆಂದು ಅವರು ಹೋಟೆಲನ್ನು ಕಟ್ಟಿದರು. ಅವರ ಕಾಲಾನಂತರ ಪತ್ನಿ ಅಂಬಿಕಾ ಶ್ರೇಷ್ಠರು ಆ ಭಾರವನ್ನು ಹೊತ್ತರು.

ಆ ಕಾಲದ ನೇಪಾಳವನ್ನು ನೆನೆದರೆ ಈ ಕಾರ್ಯದ ಬೆಲೆ ತಿಳಿಯುತ್ತದೆ. 1951ರಲ್ಲಿ ರಾಣಾ ಆಡಳಿತವು ಅಳಿಯುವವರೆಗೆ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ್ದ ಆ ಕಣಿವೆಗೆ, ತ್ರಿಭುವನ ರಾಜಪಥವು 1956ರಲ್ಲಿ ಸಿದ್ಧವಾಗುವ ಮೊದಲು, ಮೋಟಾರು ಕಾರುಗಳನ್ನು ಸಹ ಕೂಲಿಗಳು ಹೆಗಲಮೇಲೆ ಹೊತ್ತು ಬೆಟ್ಟಗಳನ್ನು ದಾಟಿಸುತ್ತಿದ್ದರು. 1934ರ ಭೂಕಂಪವು ಅದಾಗಲೇ ಎಷ್ಟೋ ಮನೆಗಳನ್ನು ಉರುಳಿಸಿತ್ತು. ನಾಡಿನ ಬಾಗಿಲು ತೆರೆದೊಡನೆ ಬಂದ ಹೊಸತನದ ಮೋಹವು ಉಳಿದವುಗಳ ಮೇಲೆ ಕೈಯಿಟ್ಟಿತು.

ನನ್ನನ್ನು ಹೋಟೆಲಿನಲ್ಲಿ ಬಹಳ ಹೊತ್ತು ಹಿಡಿದು ನಿಲ್ಲಿಸಿದುದು ಒಂದು ಕಿಟಕಿ. ಆ ಕಣಿವೆಯ ಮೂಲನಿವಾಸಿಗಳಾದ ನೇವಾರರು ಇದನ್ನು ಟಿಕಿಝ್ಯಾ ಎನ್ನುತ್ತಾರೆ. ಬೇಲೂರಿನ ಜಾಲಂಧ್ರಗಳನ್ನು ಕಂಡವರಿಗೆ ಇದರ ಬಂಧುತ್ವವು ಒಡನೆಯೇ ಹೊಳೆದೀತು. ಆದರೆ ಅಲ್ಲಿ ಕಲ್ಲನ್ನು ಕೊರೆದು ಬೆಳಕಿಗೆ ದಾರಿ ಮಾಡಿದ್ದರೆ, ಇಲ್ಲಿ ಸಣ್ಣ ಸಣ್ಣ ಮರದ ಪಟ್ಟಿಗಳಿಗೆ ಕಚ್ಚು ಹಾಕಿ, ಒಂದನ್ನು ಇನ್ನೊಂದರೊಳಗೆ ಕೂರಿಸಿ, ಮೊಳೆಯ ಹಂಗಿಲ್ಲದೆ ಜಾಲವನ್ನು ಹೆಣೆದಿದ್ದಾರೆ. ಒಂದು ಕಚ್ಚು ಕೂದಲೆಳೆಯಷ್ಟು ತಪ್ಪಿದರೂ ಮುಂದಿನ ಪಟ್ಟಿ ಕೂರದು. ಒಳಗೆ ಕುಳಿತವರಿಗೆ ಬೀದಿ ಕಾಣುತ್ತದೆ. ಬೀದಿಯವರಿಗೆ ಒಳಗಿನವರು ಕಾಣರು. ಹೋಟೆಲಿನ ಆವರಣದಲ್ಲಿಯೇ ಇರುವ ಕಾರ್ಯಶಾಲೆಯಲ್ಲಿ, ಮುರಿದ ಜಾಲಗಳಿಗೆ ಹೊಸ ಪಟ್ಟಿಗಳನ್ನು ಕೆತ್ತಿ ಕೂಡಿಸುತ್ತಾರೆ. ಇದು ಆತುರಕ್ಕೆ ಒಗ್ಗುವ ವಿದ್ಯೆಯಲ್ಲ. ಕಲಿಯಬಂದವನ ಕೈಗೆ ಮೊದಲು ಬರಬೇಕಾದುದು ತಾಳ್ಮೆ.

ಊಟದ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ‘ಕೃಷ್ಣಾರ್ಪಣ’ವೆಂಬ ಭೋಜನಶಾಲೆಯಲ್ಲಿ ಪಾದರಕ್ಷೆಗಳನ್ನು ಕಳಚಿ ಕುಳಿತವರಿಗೆ 6ರಿಂದ 22 ಬಗೆಯವರೆಗೆ ನೇಪಾಳದ ಭಕ್ಷ್ಯಗಳನ್ನು ಒಂದಾದಮೇಲೊಂದರಂತೆ ಬಡಿಸುತ್ತಾರೆ. ಆ ಹೆಸರನ್ನು ಕೇಳಿದಾಗ ನಮ್ಮ ಮನೆಯ ಹಿರಿಯರ ಊಟದ ಪಂಕ್ತಿ ನೆನಪಾಗದೆ ಇರಲಿಲ್ಲ.

ಸಂಜೆಯ ಬಿಸಿಲು ಆ ಕಿಟಕಿಯ ಮೂಲಕ ಇಳಿದು ನೆಲದಮೇಲೆ ಚೌಕಗಳನ್ನು ಬರೆಯುತ್ತಿತ್ತು. ಯಾವ ಬೀದಿಯತ್ತ ತೆರೆದಿದ್ದ ಕಿಟಕಿಯೋ ಅದು. ಅದನ್ನು ಹೊತ್ತಿದ್ದ ಗೋಡೆ ಈಗಿಲ್ಲ, ಅದರ ಹಿಂದೆ ಕುಳಿತು ಹಬ್ಬದ ಮೆರವಣಿಗೆಯ ದಾರಿ ಕಾಯುತ್ತಿದ್ದವರೂ ಇಲ್ಲ. ಜಾಲಕ್ಕೆ ಕಣ್ಣಿಟ್ಟು ನೋಡಿದೆ: ಅಂಗಳದಲ್ಲಿ ಯಾರೋ ದೀಪ ಹಚ್ಚುತ್ತಿದ್ದರು.