ಕನ್ನಡಕ ಕೊಟ್ಟರೆ ಕಣ್ಣು ನೋಡಿದಂತಲ್ಲ

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ನೋಡದೆ ಬರಲಾರದ ಒಂದು ಸೋಜಿಗವಿದೆ. ಗುಡಿಯ ಕತ್ತಲ ಮೂಲೆಯೊಂದರಲ್ಲಿ, ಗೋಡೆಯ ಮೇಲೆ, ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿನ ಪುಟ್ಟ ಕಿಂಡಿಯೊಂದರಿಂದ ಹಾಯ್ದು ಬರುವ ಬೆಳಕು ಮಾಡುವ ಕೆಲಸವದು. ಈ ನೆರಳನ್ನು ಪ್ರವಾಸಿಗರಿಗೆ ತೋರಿಸುತ್ತ ಬದುಕು ಸಾಗಿಸುತ್ತಿದ್ದ ಮಾರ್ಗದರ್ಶಿಯೊಬ್ಬರು ಸುಮಾರು ಹದಿನೈದು ವರ್ಷಗಳ ಹಿಂದೆ ಹೊಸಪೇಟೆಯ ನನ್ನ ಪುಟ್ಟ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಐವತ್ತರ ಆಸುಪಾಸು. ಗೋಡೆಯ ಮೇಲಿನ ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಓದಿದರು. ಹತ್ತಿರದ ಅಕ್ಷರ ಮಾತ್ರ ಮಸುಕು. ಚಾಳೀಸು ಬಂದಿದೆ ಎಂದು ಓದುವ ಕನ್ನಡಕ ಬರೆದುಕೊಟ್ಟೆ. ಎರಡು ವರ್ಷ ಬಿಟ್ಟು ಮತ್ತೆ ಬಂದರು; ಕನ್ನಡಕದ ನಂಬರು ಬದಲಿಸಿ ಕಳುಹಿಸಿದೆ. ಮೂರನೆಯ ಸಲ ಬಂದಾಗ ಅವರ ಮೊಣಕಾಲಿನಲ್ಲಿ ಬಿದ್ದ ಗಾಯವಿತ್ತು. “ಸಾರ್, ಕಲ್ಲಿನ ತೇರು ಕಾಣ್ತದೆ, ಕಾಲಡಿಯ ಮೆಟ್ಟಿಲು ಕಾಣಂಗಿಲ್ಲ” ಎಂದರು.

ಅಂದು ಮೊದಲ ಬಾರಿಗೆ ಅವರ ಕಣ್ಣಿನೊಳಗೆ ಬೆಳಕು ಬಿಟ್ಟು ದೃಷ್ಟಿನರದ ತುದಿಯನ್ನು ಪರೀಕ್ಷಿಸಿದೆ. ನರದ ನಡುವಿನ ತಗ್ಗು ಅಗಲವಾಗಿ ಅಂಚನ್ನು ಮುಟ್ಟುವಂತಾಗಿತ್ತು. ಅದು ಗ್ಲಾಕೋಮಾ, ನಮ್ಮ ಕಡೆ ಕೆಲವರು ಕಾಚಬಿಂದು ಎನ್ನುವ ರೋಗ. ಅಷ್ಟು ಹೊತ್ತಿಗೆ ಅವರ ಸುತ್ತಲಿನ ನೋಟದ ಬಹುಪಾಲು ಹೋಗಿತ್ತು, ನಡುವಿನ ನೋಟ ಮಾತ್ರ ಉಳಿದಿತ್ತು. ಎರಡು ಸಲ ನನ್ನೆದುರು ಕುಳಿತು ಹೋದ ಆ ಕಣ್ಣಿನೊಳಗೆ ನಾನು ಇಣುಕಿರಲಿಲ್ಲ. ಈ ತಪ್ಪು ನನ್ನದೇ. ಇದನ್ನು ಬರೆಯಲು ಕಾರಣ, ಇದು ನನ್ನೊಬ್ಬನ ತಪ್ಪಾಗಿ ಉಳಿದಿಲ್ಲ ಎಂಬುದು.

ಆಪ್ಟೊಮೆಟ್ರಿ ಎಂದರೆ ಕನ್ನಡಕದ ಅಂಗಡಿ ಎಂದೇ ಜನ ತಿಳಿದಿದ್ದಾರೆ. ಈ ವೃತ್ತಿಯವರಲ್ಲಿಯೂ ಹಲವರು ಹಾಗೆಯೇ ನಡೆದುಕೊಳ್ಳುತ್ತಾರೆ. ನಿಜಕ್ಕೂ ಇದು ನಾಲ್ಕು ವರ್ಷಗಳ ಪದವಿ ಶಿಕ್ಷಣ ಬೇಡುವ ವಿದ್ಯೆ. ನಾವು ಶಸ್ತ್ರಚಿಕಿತ್ಸೆ ಮಾಡುವ ನೇತ್ರವೈದ್ಯರಲ್ಲ. ಆದರೆ ರೋಗಿಯ ಕಣ್ಣನ್ನು ಮೊದಲು ನೋಡುವವರು ಬಹುಮಟ್ಟಿಗೆ ನಾವೇ. ಯಾವುದಕ್ಕೆ ಗಾಜು ಸಾಕು, ಯಾವುದಕ್ಕೆ ಔಷಧ ಬೇಕು, ಯಾವುದನ್ನು ಇಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬ ವಿಂಗಡಣೆ ನಮ್ಮ ಕುರ್ಚಿಯಲ್ಲಿ ಆಗಬೇಕು.

ಈ ವಿಂಗಡಣೆಯ ಅತ್ಯಂತ ಸರಳ ಉಪಕರಣ ವಿರೂಪಾಕ್ಷನ ಗುಡಿಯ ಕಿಂಡಿಯ ತಮ್ಮನೇ ಸರಿ. ಕಪ್ಪು ಬಿಲ್ಲೆಯೊಂದರಲ್ಲಿ ಸುಮಾರು ಒಂದು ಮಿಲಿಮೀಟರಿನ ರಂಧ್ರ. ಮಸುಕಾಗಿ ಕಾಣುವ ವ್ಯಕ್ತಿ ಅದರ ಮೂಲಕ ನೋಡಿದಾಗ ಅಕ್ಷರಗಳು ಸ್ಪಷ್ಟವಾದರೆ ದೋಷ ಬೆಳಕು ಬಾಗುವ ಬಗೆಯಲ್ಲಿದೆ, ಕನ್ನಡಕ ಸಾಕಾಗಬಹುದು. ಸ್ಪಷ್ಟವಾಗದಿದ್ದರೆ ಮಸೂರದಲ್ಲೋ ಅಕ್ಷಿಪಟಲದಲ್ಲೋ ನರದಲ್ಲೋ ರೋಗವಿರಬಹುದೆಂಬ ಸಂಶಯ ಏಳಬೇಕು. ಆದರೆ ಗ್ಲಾಕೋಮಾ ಈ ಪರೀಕ್ಷೆಯನ್ನೂ ವಂಚಿಸುತ್ತದೆ. ಕೊನೆಯವರೆಗೂ ನಡುನೋಟವನ್ನು ಬಿಟ್ಟುಕೊಟ್ಟಿರುತ್ತದೆ. ಆದ್ದರಿಂದ ನಲವತ್ತು ದಾಟಿದವರು ಯಾವ ದೂರು ಹೇಳಿಕೊಂಡು ಬಂದರೂ ಕಣ್ಣಿನ ಒತ್ತಡ ಅಳೆಯಬೇಕು, ನರದ ತುದಿ ನೋಡಬೇಕು. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಅಷ್ಟೇ ಇದ್ದರೂ ರೋಗ ಇರಬಹುದಾದ್ದರಿಂದ ಬರೀ ಅಂಕಿಯನ್ನು ನಂಬುವಂತಿಲ್ಲ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ಆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. ಹೋದ ನೋಟ ಮರಳುವುದಿಲ್ಲ. ಉಳಿದಿರುವುದನ್ನು ದಿನನಿತ್ಯದ ಹನಿಯಿಂದ ಕಾಯ್ದುಕೊಳ್ಳಬಹುದಷ್ಟೆ.

ನಮ್ಮ ಈ ಸೀಮೆಯಲ್ಲಿ ಊರಿಗೊಂದು ಬಗೆಯ ಕಣ್ಣುರೋಗವಿದೆ ಎಂದರೆ ಅತಿಶಯವಲ್ಲ. ಕಂಪ್ಲಿಯದು ತುಂಗಭದ್ರೆಯ ನೀರು ಉಂಡ ನೆಲ. ಭತ್ತ, ಕಬ್ಬು, ಬಾಳೆ. ಕಟಾವಿನ ದಿನಗಳಲ್ಲಿ ಭತ್ತದ ತೆನೆ ಕಣ್ಣಿಗೆ ಬಡಿಯುತ್ತದೆ, ಕಬ್ಬಿನ ರವದಿ ಗೀರುತ್ತದೆ. ಗೀರು ಕೂದಲೆಳೆಯಷ್ಟು, ಅದರ ಜೊತೆ ಒಳಹೋಗುವ ಶಿಲೀಂಧ್ರ ಕಣ್ಣನ್ನೇ ತಿನ್ನುತ್ತದೆ. ಅಲ್ಲಿನ ಕೂಲಿ ಹೆಂಗಸೊಬ್ಬರು ಗೀರು ಬಿದ್ದ ಒಂಬತ್ತನೆಯ ದಿನ ಬಂದಿದ್ದರು. ಮೊದಲು ನೆರೆಮನೆಯ ಬಾಣಂತಿಯ ಎದೆಹಾಲು ಹಾಕಿಸಿಕೊಂಡಿದ್ದರು. ಆಮೇಲೆ ಔಷಧದಂಗಡಿಯಲ್ಲಿ ಕೇಳಿ ಒಂದು ಹನಿ ತಂದರು. ಎರಡು ದಿನ ಕೆಂಪು ಇಳಿದು ಹಾಯೆನಿಸಿತು. “ಕಡಿಮೆ ಆಯ್ತು ಅಂದ್ಕಂಡೆ ಸಾರ್, ಬೆಳಗ್ಗೆದ್ದರೆ ಬೆಳ್ಳಗೆ ಪೊರೆ ಕಟ್ಟಿತ್ತು” ಎಂದರು. ಆ ಹನಿಯಲ್ಲಿದ್ದುದು ಸ್ಟೀರಾಯ್ಡ್. ಅದು ಕೆಂಪನ್ನು ಅಡಗಿಸುತ್ತದೆ, ಅದರ ಜೊತೆ ದೇಹದ ಪ್ರತಿರೋಧವನ್ನೂ ಅಡಗಿಸುತ್ತದೆ. ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಸುಮಾರು 60 ಕಿ.ಮೀ. ಆಚೆಯ ಬಳ್ಳಾರಿಗೆ ಅಂದೇ ಕಳುಹಿಸಿದೆ. ತಿಂಗಳುಗಟ್ಟಲೆ ಔಷಧದ ನಂತರ ಹುಣ್ಣು ಮಾಯಿತು, ಕಣ್ಣಿನಲ್ಲಿ ಹೂ ಉಳಿಯಿತು, ನೋಟ ಉಳಿಯಲಿಲ್ಲ.

ಇದು ತಪ್ಪಿಸಬಹುದಾಗಿದ್ದ ಕುರುಡು. ನೇಪಾಳದ ಭಕ್ತಪುರದಲ್ಲಿ ತರಬೇತಿ ಪಡೆದ ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನೇ ನೆಚ್ಚಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಗೀರು ಬಿದ್ದ 18 ಗಂಟೆಗಳೊಳಗೆ ಪ್ರತಿಜೀವಕ ಮುಲಾಮು ಪಡೆಯತೊಡಗಿದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡಮಾಡಿದವರಲ್ಲಿ ಕೆಲವರಿಗೆ ಆಯಿತು. ಅಂದರೆ ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಇಲ್ಲಿ ಬೇಕಾಗಿರುವುದು ಬೇಗ ನೋಡುವ ಕಣ್ಣು. ಕಿತ್ತಳೆ ಬಣ್ಣದ ಫ್ಲೋರೆಸಿನ್ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರೆ ಅಲ್ಲಿ ಅಂಟಿಕೊಂಡ ಹೊಟ್ಟು ಸಿಗುತ್ತದೆ. ಇಷ್ಟನ್ನು ತಾಲ್ಲೂಕು ಮಟ್ಟದಲ್ಲಿ ಮಾಡಲು ಅಡ್ಡಿಯೇನು?

ಸಂಡೂರಿನದು ಬೇರೆಯೇ ಕಥೆ. ಅದಿರಿನ ಲಾರಿಗಳ ಸಾಲು ಹೊಸಪೇಟೆಯ ರಸ್ತೆಗಳನ್ನು ಕೆಂಪಾಗಿಸಿದ್ದ ಆ ವರ್ಷಗಳನ್ನು ಕಂಡವರು ಮರೆತಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮಿತಿ ವಿಧಿಸಿ ಮತ್ತೆ ಅವಕಾಶವಾಯಿತು. ದೂಳಿನಿಂದ ಕಣ್ಣು ಉರಿಯುವುದು, ತುರಿಸುವುದು ನಿತ್ಯದ ದೂರು. ಅದಕ್ಕಿಂತ ಅಪಾಯಕಾರಿಯಾದುದು ಲಾರಿ ದುರಸ್ತಿಯ ಷೆಡ್ಡುಗಳಲ್ಲಿದೆ. ಸಾಣೆಯ ಕಿಡಿ ಕಣ್ಣಿಗೆ ಹಾರಿ ಕೂತರೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ನೋವಿರುವುದರಿಂದ ಜನ ಬರುತ್ತಾರೆ. ಸುತ್ತಿಗೆಯಿಂದ ಉಳಿಗೆ ಹೊಡೆದಾಗ ಸಿಡಿಯುವ ಚೂರಾದರೋ ಕಣ್ಣನ್ನು ಸೀಳಿ ಒಳಗೇ ಸೇರುತ್ತದೆ, ನೋವು ಬಹಳ ಇರುವುದಿಲ್ಲ. ದೃಷ್ಟಿಯೂ ಮೊದಲ ದಿನ ಚೆನ್ನಾಗಿರಬಹುದು. ಒಳಗುಳಿದ ಕಬ್ಬಿಣ ತಿಂಗಳುಗಳಲ್ಲಿ ಅಕ್ಷಿಪಟಲವನ್ನು ಕೊಲ್ಲುತ್ತದೆ. “ಸುತ್ತಿಗೆ ಕೆಲಸ ಮಾಡುತ್ತಿದ್ದೆಯಾ?” ಎಂಬ ಒಂದು ಪ್ರಶ್ನೆ ಇಲ್ಲಿ ಯಾವ ಉಪಕರಣಕ್ಕೂ ಕಡಿಮೆಯಲ್ಲ. ಹೌದೆಂದರೆ ಕಣ್ಣನ್ನು ಒತ್ತದೆ, ತೊಳೆಯದೆ, ಗಟ್ಟಿ ಕವಚ ಮುಚ್ಚಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ಕಳುಹಿಸಬೇಕು.

ಅದೇ ಸಂಡೂರಿನ ತಾಂಡಾಗಳಲ್ಲಿ ಕಣ್ಣನ್ನೇ ನಂಬಿ ಬದುಕುವವರಿದ್ದಾರೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ ಅಲ್ಲಿನ ಹೆಣ್ಣುಮಕ್ಕಳ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಸೂಜಿ ಹಿಡಿದ ಕೈಗಳಿಗೆ ನಲವತ್ತೆರಡು, ನಲವತ್ತೈದು ಆದೊಡನೆ ದಾರ ಪೋಣಿಸುವುದು ಕಷ್ಟವಾಗುತ್ತದೆ. ಮಗಳನ್ನು ಕರೆದು ಪೋಣಿಸಿಕೊಳ್ಳುತ್ತಾರೆ, ಹೊಲಿಗೆ ಒರಟಾಗುತ್ತದೆ, ಕೂಲಿ ಇಳಿಯುತ್ತದೆ, ಕೆಲಸ ಬಿಡುತ್ತಾರೆ. ಅವರಿಗೆ ರೋಗವಿಲ್ಲ, ಇರುವುದು ಚಾಳೀಸು ಮಾತ್ರ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಪಡೆಯದವರಿಗೆ ಹೋಲಿಸಿದರೆ ಪಡೆದವರ ಎಲೆ ಕೀಳುವ ಸಾಮರ್ಥ್ಯ ಶೇ 21ಕ್ಕೂ ಹೆಚ್ಚು ಏರಿತ್ತು. ಇಲ್ಲಿ ಕನ್ನಡಕವೇ ಚಿಕಿತ್ಸೆ. ಯಾವಾಗ ಅದು ಚಿಕಿತ್ಸೆ, ಯಾವಾಗ ಬರೀ ಮುಸುಕು ಎಂಬುದನ್ನು ಅರಿಯುವುದೇ ವೃತ್ತಿಯ ಮರ್ಮ.

ಈ ಮುಸುಕಿಗೆ ಇನ್ನೊಂದು ನಿದರ್ಶನವಿದೆ. ಅರವತ್ತು ದಾಟಿದ ಹಿರಿಯರು, “ನೋಡ್ರಿ, ಈಗ ನನಗೆ ಕನ್ನಡಕವೇ ಬೇಡ, ಪೇಪರ್ ಓದ್ತೀನಿ” ಎಂದು ಹೆಮ್ಮೆಯಿಂದ ಹೇಳುತ್ತಾರೆ. ಮಸೂರ ಗಟ್ಟಿಯಾಗಿ ಮೋತಿಬಿಂದು ಬೆಳೆಯುವಾಗ ಹತ್ತಿರದ ನೋಟ ಕೆಲಕಾಲ ಹೀಗೆ ಮರಳುವುದುಂಟು. ಸಕ್ಕರೆ ಕಾಯಿಲೆಯವರದು ಇದಕ್ಕಿಂತ ಕಠಿಣ. ಅಕ್ಷಿಪಟಲದಲ್ಲಿ ರಕ್ತ ಸೋರಲು ಆರಂಭಿಸಿದ ಎಷ್ಟೋ ದಿನಗಳವರೆಗೆ ಅವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. 2022ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಈ ತೊಂದರೆ ಇರುವುದನ್ನು ಗುರುತಿಸಿತು. ಅವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕಾದುದು ಕಣ್ಣು ಚೆನ್ನಾಗಿರುವಾಗಲೇ.

ಕರ್ನಾಟಕಕ್ಕೆ ಕಣ್ಣಿನ ಸೇವೆಯ ದೊಡ್ಡ ಪರಂಪರೆಯಿದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು (1916-2005) ಊರೂರಿಗೆ ಶಿಬಿರವನ್ನೇ ಕೊಂಡೊಯ್ದು ಲಕ್ಷಾಂತರ ಜನರ ಪೊರೆ ತೆಗೆದರು. ‘ಕಣ್ಣು ಕೊಟ್ಟ ಅಣ್ಣ’ ಎಂದು ಜನ ಅವರನ್ನು ಕರೆದರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಪೊರೆಯ ಮೇಲೆಯೇ ಹೆಚ್ಚು ಗಮನವಿರಿಸಿತು. ಅದು ಆ ಕಾಲದ ಅಗತ್ಯವಾಗಿತ್ತು. ಟ್ರಕೋಮಾ ಇನ್ನು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಪೊರೆ ಒಂದು ದಿನದ ಶಿಬಿರದಲ್ಲಿ ತೀರುವ ಕೆಲಸ. ಗ್ಲಾಕೋಮಾ, ಸಕ್ಕರೆ ಕಾಯಿಲೆಯ ಕಣ್ಣು, ಶಿಲೀಂಧ್ರದ ಹುಣ್ಣು ಹಾಗಲ್ಲ. ಮೊದಲ ಎರಡಕ್ಕೆ ವರ್ಷಾನುಗಟ್ಟಲೆ ಹಿಂಬಾಲಿಸುವ ತಾಳ್ಮೆ ಬೇಕು, ಮೂರನೆಯದಕ್ಕೆ ಅದೇ ದಿನ ಬಾಗಿಲು ತೆರೆದಿರಬೇಕು. ಶಿಬಿರ ಎತ್ತಿದ ಮೇಲೂ ಊರಿನಲ್ಲಿ ಉಳಿಯುವ ಒಬ್ಬರು ಬೇಕು.

ಆ ಒಬ್ಬರು ಆಪ್ಟೊಮೆಟ್ರಿಸ್ಟ್ ಆಗಬಹುದು. 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆ ಈ ವೃತ್ತಿಯನ್ನು ಕಾನೂನಿನ ಚೌಕಟ್ಟಿಗೆ ತಂದಿದೆ. ರಾಜ್ಯದ ‘ಆಶಾಕಿರಣ’ ಯೋಜನೆ ಮನೆಮನೆಯಲ್ಲಿ ಕಣ್ಣು ಪರೀಕ್ಷಿಸಿ ಉಚಿತ ಕನ್ನಡಕ ಕೊಡುವ ಒಳ್ಳೆಯ ಹೆಜ್ಜೆ. ಇವುಗಳ ಜೊತೆಗೆ ಮೂರು ಕೆಲಸಗಳು ಆಗಬೇಕು. ಒಂದು, ನಲವತ್ತು ದಾಟಿದವರಿಗೆ ಕನ್ನಡಕ ಬರೆಯುವ ಮುನ್ನ ಒತ್ತಡ ಮತ್ತು ನರದ ಪರೀಕ್ಷೆಯನ್ನು ಕಡ್ಡಾಯದ ರೂಢಿಯಾಗಿಸಬೇಕು. ಎರಡು, ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಮಾರುವುದನ್ನು ನಿಜಕ್ಕೂ ತಡೆಯಬೇಕು. ನಿಯಮ ಈಗಲೂ ಇದೆ, ಪಾಲನೆ ಇಲ್ಲ. ಮೂರು, ದೊಡ್ಡಾಸ್ಪತ್ರೆಗೆ ಕಳುಹಿಸಿದ ರೋಗಿ ಅಲ್ಲಿಗೆ ತಲುಪಿದನೇ, ಮರಳಿ ಬಂದನೇ, ಹನಿ ಹಾಕಿಕೊಳ್ಳುತ್ತಿದ್ದಾನೆಯೇ ಎಂದು ಕೇಳುವ ವ್ಯವಸ್ಥೆ ಬೇಕು. ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿವೆ. 2021ರಲ್ಲಿ ಎಳೆದ ಆ ಗೆರೆ ರೋಗಿಯ ಚೀಟಿಗೆ ಅಡ್ಡಿಯಾಗಬಾರದು. ಕೊಯ್ಲಿಗೆ ಮುನ್ನ ಕಂಪ್ಲಿಯ ಕೂಲಿಗಳಿಗೂ ಷೆಡ್ಡಿನ ಹುಡುಗರಿಗೂ ಬಿಳಿ ಗಾಜಿನ ರಕ್ಷಾ ಕನ್ನಡಕ ಕೊಡಿಸುವುದು ದುಬಾರಿಯ ಕೆಲಸವೂ ಅಲ್ಲ.

ಆ ಮಾರ್ಗದರ್ಶಿ ಈಗ ಕೆಲಸ ಬಿಟ್ಟಿದ್ದಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಹನಿ ತಪ್ಪಿಸುವುದಿಲ್ಲ; ಉಳಿದ ನೋಟ ಇಂದಿಗೂ ಉಳಿದಿದೆ. ನನ್ನ ತಪ್ಪನ್ನು ಅವರೆದುರು ಒಪ್ಪಿಕೊಂಡಾಗ ಅವರು ಸಿಟ್ಟಾಗಲಿಲ್ಲ. ಈ ರೋಗ ಒಡಹುಟ್ಟಿದವರಲ್ಲಿ ಬರುವ ಸಂಭವ ಹೆಚ್ಚು ಎಂದು ಹೇಳಿದ್ದೆ. ಮರುವಾರವೇ ತಮ್ಮನ ಕೈ ಹಿಡಿದು ಕರೆತಂದರು. ತಮ್ಮನೂ ಫಲಕವನ್ನು ಕೊನೆಯ ಸಾಲಿನವರೆಗೆ ಓದಿದ. “ನನಗೇನೂ ಆಗಿಲ್ಲ ಸಾರ್, ಅಣ್ಣನ ಒತ್ತಾಯ” ಎಂದ. ಈ ಸಲ ಒಳಗೆ ನೋಡಿದೆ. ರೋಗ ಆರಂಭವಾಗಿತ್ತು, ನೋಟ ಇನ್ನೂ ಪೂರ್ತಿಯಿತ್ತು. ಆತ ಇಂದಿಗೂ ಹಂಪಿಯ ಮೆಟ್ಟಿಲುಗಳನ್ನು ಇಳಿದು ಹತ್ತಿ ಜನರಿಗೆ ಗೋಪುರದ ನೆರಳು ತೋರಿಸುತ್ತಿದ್ದಾನೆ.