ಎಡೆದೊರೆ ನಾಡಿನ ಬೇಸಿಗೆಯೂ ಒಣ ಸಿಡಿಲೂ

ಕೃಷ್ಣೆ ತುಂಗಭದ್ರೆಯರ ನಡುವೆ ಹರಡಿರುವ ನಮ್ಮ ಪ್ರಾಂತವನ್ನು ಹಿಂದಿನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ಮಹಾನದಿಗಳು ಬಳಸಿ ಹರಿದಿದ್ದರೂ ಈ ನೆಲಕ್ಕೆ ‘ಬಿಸಿಲ ನಾಡು’ ಎಂಬ ಹೆಸರೇ ಜನರ ಬಾಯಲ್ಲಿ ಉಳಿದುದು ಸೋಜಿಗವೇ ಸರಿ. ಚಂದ್ರಬಂಡದಿಂದ ರಾಯಚೂರಿಗೆ, ಅಲ್ಲಿಂದ ಮಾನ್ವಿಗೆ ಅಥವಾ ದೇವದುರ್ಗಕ್ಕೆ ಚೈತ್ರ ವೈಶಾಖಗಳಲ್ಲಿ ಪ್ರಯಾಣ ಮಾಡಿದವರಾರೂ ಆ ಹೆಸರನ್ನು ಅತಿಶಯೋಕ್ತಿ ಎನ್ನಲಾರರು. ಈ ಬಿಸಿಲಿನ ಬೆನ್ನಿಗೇ ಬರುವ ಇನ್ನೊಂದು ಸಂಗತಿಯುಂಟು. ಇಳಿಹೊತ್ತಿನಲ್ಲಿ ಮೋಡ ಕವಿಯುತ್ತದೆ, ಗುಡುಗುತ್ತದೆ, ಕೆಂಧೂಳೆದ್ದು ದಿಕ್ಕು ಕಾಣದಾಗುತ್ತದೆ. ಮಳೆ ಮಾತ್ರ ನಾಲ್ಕು ಹನಿ. ಮಳೆ ಬರಲಿಲ್ಲವೆಂದು ರೈತರು ನಿಟ್ಟುಸಿರಿಡುವ ಹೊತ್ತಿಗೆ, ಹೊಲದ ಬೇವಿನ ಮರಕ್ಕೆ ಸಿಡಿಲು ಬಡಿದ ಸುದ್ದಿ ಊರಿಗೆ ಬಂದಿರುತ್ತದೆ.

ಮೊದಲಿಗೆ ಬಿಸಿಲಿನ ವಿಚಾರ. ಇದು ಮರುಭೂಮಿಯಲ್ಲ. ನಿಜವಾದ ಎತ್ತರದ ಮರುಭೂಮಿಯನ್ನು ಕಾಣಬೇಕಾದರೆ ಲಡಾಖಿಗೆ ಹೋಗಬೇಕು. ನಮ್ಮದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಅರೆಶುಷ್ಕ ಪ್ರಸ್ಥಭೂಮಿ. ಕೃಷಿ ಶಾಸ್ತ್ರಜ್ಞರು ರಾಯಚೂರು, ಮಾನ್ವಿ, ದೇವದುರ್ಗಗಳನ್ನು ‘ಈಶಾನ್ಯ ಒಣ ವಲಯ’ಕ್ಕೆ ಸೇರಿಸಿರುವರು. ಅರಬ್ಬೀ ಸಮುದ್ರದಿಂದ ಬರುವ ತೇವವನ್ನು ಸಹ್ಯಾದ್ರಿಯು ಬಹುಪಾಲು ತನ್ನಲ್ಲೇ ಇಳಿಸಿಕೊಳ್ಳುವುದರಿಂದ ನಮ್ಮ ಪಾಲಿಗೆ ಬರುವುದು ಉಳಿಕೆ ಮಾತ್ರ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿಯ ತಂಪು ನಮಗಿಲ್ಲ. ಕಡಲ ಗಾಳಿಯ ಸುಖವೂ ಇಲ್ಲ.

ರಾಯಚೂರು 16 ಡಿಗ್ರಿ 12 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯನು ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುತ್ತಾನೆ. ಗಡಿಯಾರದಲ್ಲಿ 12 ಗಂಟೆ 17 ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದು. ಮಕ್ಕಳಿಗೆ ಭೂಗೋಲ ಕಲಿಸಲು ಇದಕ್ಕಿಂತ ಅಗ್ಗದ ಉಪಕರಣವಿಲ್ಲ. ಆದರೆ ಅಂದು ಶಾಲೆಗೆ ರಜೆ ಇರುವುದರಿಂದ ಬಹಳ ಮಂದಿ ಇದನ್ನು ನೋಡಿಯೇ ಇಲ್ಲ. ಆಗಸ್ಟ್ ತಿಂಗಳ ಮೊದಲ ಭಾಗದಲ್ಲಿ ಸೂರ್ಯನು ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಆಗ ಮೋಡವಿರುತ್ತದೆ, ನೆಲ ಹಸಿಯಾಗಿರುತ್ತದೆ. ಹಸಿ ನೆಲಕ್ಕೆ ಬಿದ್ದ ಶಾಖದ ಬಹುಭಾಗವು ನೀರನ್ನು ಆವಿ ಮಾಡುವುದರಲ್ಲಿ ವೆಚ್ಚವಾಗುವುದು. ಮೇ ತಿಂಗಳಲ್ಲಿ ಎರೆಹೊಲವು ಬಿರುಕುಬಿಟ್ಟು ಒಣಗಿರುವುದರಿಂದ ಆ ಶಾಖವೆಲ್ಲ ನೆಲವನ್ನೂ ಅದರ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಉಷ್ಣಮಾನ 40 ಡಿಗ್ರಿ ದಾಟುವುದು ನಮ್ಮಲ್ಲಿ ವಿಶೇಷವಲ್ಲ. ರಾಯಚೂರಿನ ಸುತ್ತಣ ಕಣಶಿಲೆಯ ಗುಡ್ಡಗಳು ಹಗಲು ಹೀರಿದ ಶಾಖವನ್ನು ರಾತ್ರಿ ಬಹುಹೊತ್ತಿನವರೆಗೆ ಬಿಡುತ್ತಲೇ ಇರುತ್ತವೆ; ಕೋಟೆಯ ಮಗ್ಗುಲಿನ ಓಣಿಗಳಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸರ್ಕಾರವೂ ಈ ಬಿಸಿಲಿಗೆ ಮಣಿದಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಗಳ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿಯಿದೆ. ಕೂಲಿಯವರಿಗೆ, ಕುರಿಗಾಹಿಗಳಿಗೆ ಅಂಥ ಆದೇಶವನ್ನು ಹೊರಡಿಸುವವರು ಯಾರು?

ಇನ್ನು ಒಣ ಸಿಡಿಲಿನ ವಿಚಾರ. ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ. ಅದರಲ್ಲಿರುವ ಆವಿಯು ಹನಿಯಾಗಿ ಕಾಣಿಸಿಕೊಳ್ಳುವ ಎತ್ತರವೇ ಮೋಡದ ಬುಡ. ಈ ಎತ್ತರವನ್ನು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಗಾಳಿಯ ಉಷ್ಣಮಾನಕ್ಕೂ ಅದು ಇಬ್ಬನಿಗಟ್ಟುವ ಉಷ್ಣಮಾನಕ್ಕೂ ಇರುವ ವ್ಯತ್ಯಾಸದ ಪ್ರತಿ ಡಿಗ್ರಿಗೆ 125 ಮೀಟರ್ ಎಂದು ಹಿಡಿಯಬೇಕು. ಗಾಳಿ 40 ಡಿಗ್ರಿಯಷ್ಟು ಕಾದು, ಇಬ್ಬನಿಯ ಮಟ್ಟ 16 ಡಿಗ್ರಿಯಲ್ಲಿದ್ದರೆ ವ್ಯತ್ಯಾಸ 24. ಮೋಡದ ಬುಡ 3,000 ಮೀಟರ್ ಎತ್ತರದಲ್ಲಿ! ಮಳೆಗಾಲದಲ್ಲಿ ಅದೇ ವ್ಯತ್ಯಾಸ ಐದಾರು ಡಿಗ್ರಿಗೆ ಇಳಿದು, ಮೋಡಗಳು ಗುಡ್ಡದ ನೆತ್ತಿಯನ್ನು ಸವರುವಂತೆ ತೋರುತ್ತವೆ.

ಮೋಡಕ್ಕೆ ಬೇಕಾದ ತೇವವು ಬೇಸಿಗೆಯಲ್ಲಿ ಮುಖ್ಯವಾಗಿ ಬಂಗಾಳ ಉಪಸಾಗರದ ಕಡೆಯಿಂದ ಬರುವ ಗಾಳಿಯ ಮೂಲಕ ದೊರೆಯುತ್ತದೆ. ಆ ತೇವಗಾಳಿಯೂ ವಾಯವ್ಯದ ಒಣಗಾಳಿಯೂ ಸಂಧಿಸುವ ಗೆರೆಯೊಂದು ವಿದರ್ಭದಿಂದ ಕರ್ನಾಟಕದ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚುವುದುಂಟು. ಅದು ನಮ್ಮ ಮೇಲೆ ನಿಂತ ದಿನಗಳಲ್ಲಿ ಅಪರಾಹ್ನದ ಹೊತ್ತಿಗೆ ಮೋಡಗಳು ಗೋಪುರದಂತೆ ಬೆಳೆಯುತ್ತವೆ. ಅವುಗಳ ಮೇಲ್ಭಾಗದಲ್ಲಿ ಹಿಮದ ಹರಳುಗಳೂ ಆಲಿಕಲ್ಲಿನ ಮೊಳಕೆಗಳೂ ಒಂದಕ್ಕೊಂದು ತಿಕ್ಕಿ ವಿದ್ಯುತ್ತು ಶೇಖರವಾಗುತ್ತದೆ. ಮಿಂಚಿಗೆ ಇಷ್ಟು ಸಾಕು. ನೆಲಕ್ಕೆ ಮಳೆ ಬಿದ್ದೇ ತೀರಬೇಕೆಂಬ ನಿಯಮವೇನೂ ಇಲ್ಲ.

ಮಳೆ ಮೋಡದಿಂದ ಬಿದ್ದೇ ಬೀಳುತ್ತದೆ. ಆದರೆ ಮೂರು ಕಿಲೋಮೀಟರ್ ಒಣಗಾಳಿಯನ್ನು ದಾಟಿ ಬರಬೇಕಾದ ಹನಿಗಳು ದಾರಿಯಲ್ಲಿಯೇ ಆವಿಯಾಗುತ್ತವೆ. ದೂರದಿಂದ ನೋಡಿದರೆ ಮೋಡದ ಕೆಳಗೆ ಬೂದು ಬಣ್ಣದ ಜಾಲರಿ ಇಳಿಬಿಟ್ಟಂತೆ ಕಂಡು, ಅದು ನೆಲ ಮುಟ್ಟುವ ಮೊದಲೇ ಮಾಯವಾಗುತ್ತದೆ. ನಮ್ಮ ಬಯಲಿನಲ್ಲಿ ಈ ನೋಟ ಬಹುದೂರಕ್ಕೆ ಸ್ಪಷ್ಟವಾಗಿ ಕಾಣುವಂಥದು. ಮಣ್ಣಿನ ಗಡಿಗೆಯ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಸುವ ಹಾಗೆ, ಈ ಹನಿಗಳು ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿದು, ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಉತ್ತ ಹೊಲಗಳ ಧೂಳೆಲ್ಲ ಗೋಡೆಯಂತೆ ಎದ್ದು ಬರುವುದು ಇದರಿಂದಲೇ. ಬಯಲಿನಲ್ಲಿ ಮಧ್ಯಾಹ್ನ ಗಿರಕಿ ಹೊಡೆಯುವ ಸುಂಟರಗಾಳಿ ಬೇರೆ. ಅದು ನೆಲದ ಕಾವಿನಿಂದ ಮೇಲೇಳುವುದು, ಇದು ಮೇಲಿನಿಂದ ಬೀಳುವುದು. ತಗಡಿನ ಸೂರುಗಳು ಹಾರಿಹೋಗುವುದೂ ವಿದ್ಯುತ್ ಕಂಬಗಳು ಮುರಿಯುವುದೂ ಈ ಎರಡನೆಯದರಿಂದ. ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಈ ಭಯ ಅಷ್ಟಾಗಿ ಇರಲಿಲ್ಲ. ದಪ್ಪ ಗೋಡೆಯ ಒಳಗೆ ಬಿಸಿಲೂ ಬೇಗ ಇಳಿಯುತ್ತಿರಲಿಲ್ಲ. ಅಗ್ಗವೆಂದು ತಗಡು ಹೊದಿಸಿ ನಾವು ಎರಡು ಕಡೆಯೂ ನಷ್ಟಪಟ್ಟಿದ್ದೇವೆಂದು ತೋರುತ್ತದೆ.

ಮಳೆಯಿಲ್ಲದ ಸಿಡಿಲು ಮಳೆಯೊಡನೆ ಬರುವ ಸಿಡಿಲಿಗಿಂತ ಮೋಸದ್ದು. ಹನಿ ಬೀಳುವವರೆಗೆ ಹೊಲ ಬಿಡದಿರುವುದು ನಮ್ಮ ಜನರ ರೂಢಿ. ಹನಿಯೇ ಬೀಳದಿದ್ದರೆ ಎಚ್ಚರಿಸುವವರು ಯಾರು? ಮೇವಿನ ಬಣವೆಗೆ ಸಿಡಿಲು ಹೊಡೆದರೆ ಆರಿಸಲು ಮಳೆಯೂ ಇರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಆಗಸ್ಟಿನಲ್ಲಿ ಇಂಥ ಒಣ ಸಿಡಿಲುಗಳು ಸಾವಿರಗಟ್ಟಲೆ ಬಿದ್ದು ನೂರಾರು ಕಡೆ ಕಾಡ್ಗಿಚ್ಚು ಹೊತ್ತಿಕೊಂಡಿತು. ನಮ್ಮಲ್ಲಿ ಕಾಡು ವಿರಳ. ಹಾನಿಯಾಗುವುದು ಮನುಷ್ಯರಿಗೆ, ಕುರಿ ದನಗಳಿಗೆ. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಮಂದಿ ಬಲಿಯಾಗುವುದನ್ನು ಸರ್ಕಾರಿ ದಾಖಲೆಗಳೇ ಹೇಳುತ್ತವೆ. ಬಯಲಲ್ಲಿ ದುಡಿಯುವವರಿಗೇ ಈ ಅಪಾಯ ಹೆಚ್ಚು.

ಆದುದರಿಂದ ಶಿಕ್ಷಕರು ಈ ಕೆಲವು ಮಾತುಗಳನ್ನು ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸುವುದು ಒಳಿತು. ಮಿಂಚು ಕಂಡೊಡನೆ ಎಣಿಸತೊಡಗಿ, ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆಯೆಂದು ತಿಳಿಯುವುದು. ಎಣಿಕೆ 30ಕ್ಕಿಂತ ಕಡಿಮೆಯಾದರೆ, ಮಳೆ ಇರಲಿ ಬಿಡಲಿ, ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಒಂಟಿ ಬೇವು, ಹುಣಿಸೆ ಮರಗಳ ಬುಡ ನೆರಳಿಗೆ ಒಳ್ಳೆಯದು, ಸಿಡಿಲಿಗೆ ಅಲ್ಲ. ಕುರಿಗಳು ಮರದಡಿ ಒತ್ತಾಗಿ ನಿಂತಾಗ ಒಂದೇ ಏಟಿಗೆ ಹಿಂಡು ಹಿಂಡಾಗಿ ಸಾಯುವುದು ನೆಲದಲ್ಲಿ ಹರಡುವ ವಿದ್ಯುತ್ತಿನಿಂದ. ಸಿಡಿಲು ತಗುಲಿದವರನ್ನು ಮುಟ್ಟಿದರೆ ತಮಗೂ ತಗಲುವುದೆಂಬ ಭಯ ಹಳ್ಳಿಗಳಲ್ಲಿದೆ. ಅದು ನಿರಾಧಾರ. ದೇಹದಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನು ಒತ್ತಿ ಉಸಿರು ಕೊಡುವುದರಿಂದ ಪ್ರಾಣ ಉಳಿಸಬಹುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿರುವ ‘ದಾಮಿನಿ’ ಎಂಬ ಮೊಬೈಲ್ ಸೌಲಭ್ಯವು ಸುತ್ತಮುತ್ತಲಿನ ಸಿಡಿಲನ್ನು ತೋರಿಸಿ ಎಚ್ಚರಿಸುತ್ತದೆ. ಪ್ರತಿ ಓಣಿಯಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಇದನ್ನಿಟ್ಟುಕೊಂಡರೂ ಸಾಕಷ್ಟು ಉಪಕಾರವಾದೀತು.

ಬೇಸಾಯಕ್ಕೆ ಈ ಮಳೆಗಳಿಂದ ಪ್ರಯೋಜನವಿಲ್ಲವೆಂದಲ್ಲ. ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ ಒಂದೆರಡು ಹದವಾದ ಮಳೆ ಬಿದ್ದರೆ ನೇಗಿಲು ಹೂಡಲು ಅನುಕೂಲ. ಮಾನ್ವಿಯ ಕಾಲುವೆ ಸೀಮೆಯಲ್ಲಿ ಮಾತ್ರ ಬೇಸಿಗೆ ಬತ್ತದ ಕೊಯ್ಲು ಇದೇ ಹೊತ್ತಿಗೆ ಬರುವುದರಿಂದ, ಒಬ್ಬನ ಹಾರೈಕೆ ಇನ್ನೊಬ್ಬನಿಗೆ ಆತಂಕ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ನಂಬಿ ಮೊದಲ ಮಳೆಗೇ ಬಿತ್ತಿದವರು ಬೀಜ ಕಳೆದುಕೊಂಡ ವರ್ಷಗಳೂ ಉಂಟು. ಗುಡುಗಿನ ಆರ್ಭಟವನ್ನು ನೋಡಿ ಮಳೆಯನ್ನು ಅಳೆಯಲಾಗದು. ಬಿದ್ದ ನೀರು ಎರೆಯ ಬಿರುಕುಗಳಲ್ಲಿ ಇಳಿದು, ಮೇಲ್ಮಣ್ಣು ಮರುದಿನದ ಬಿಸಿಲಿಗೇ ಒಣಗಿಬಿಡುತ್ತದೆ. ಹೊಲವನ್ನು ಅಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆಯೆಂದು ಕೈಯಿಂದ ಮುಟ್ಟಿ ನೋಡುವ ಹಿರಿಯರ ಕ್ರಮವೇ ಸರಿಯಾದುದು. ಮೃಗಶಿರೆ ಹೂಡುವ ವೇಳೆಗೆ ಗಾಳಿ ಪಡುವಣಕ್ಕೆ ತಿರುಗಿ, ಮೋಡದ ಬುಡ ಕೆಳಗಿಳಿದು, ಗುಡುಗು ತಗ್ಗುತ್ತದೆ. ಕೂರಿಗೆಗಳು ಹೊಲಕ್ಕೆ ಹೊರಡುವುದು ಆಗ.