ಬಮ, ಬಾಮಾ, ಬೊಮ್ಮ: ಹಳೇ ಕಾಗದದ ಹೆಸರು ಯಾರದು?

ಹೊಲದ ವಾರಸಾಕ್ಕೋ ಜಾತಿ ಪ್ರಮಾಣಪತ್ರಕ್ಕೋ ಮನೆಯ ಹಳೇ ಕಾಗದ ಹೊರತೆಗೆದವರಿಗೆ ಈ ತೊಡಕು ಗೊತ್ತಿರುತ್ತದೆ. ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿದೆ. ಅದರಲ್ಲಿರುವ ಮುತ್ಯಾನ ಹೆಸರು ಈಗಿನ ಪಹಣಿಯ ಹೆಸರಿಗೆ ಕೂಡುವುದಿಲ್ಲ. ಇಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ? ಮಂಗಳೂರಿಗೆ ವಲಸೆ ಬಂದಿದ್ದ ಒಬ್ಬ ಯಹೂದಿ ವ್ಯಾಪಾರಿಯ ಕಾಗದಗಳಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು.

ಆತನ ಹೆಸರು ಅಬ್ರಹಾಂ ಬೆನ್ ಯಿಜು. ನಮ್ಮ ಉಚ್ಚಾರದಲ್ಲಿ ಇಬ್ರಾಹಿಂ. ಊರು ಟುನೀಶಿಯಾದ ಮಹ್ದಿಯಾ. ಯಿಜು ಎಂಬುದು ಅಲ್ಲಿನ ಬರ್ಬರ್ ಬುಡಕಟ್ಟೊಂದರ ಹೆಸರು ಎಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಮನೆತನದ ಹೆಸರಿನಲ್ಲೇ ಮೂಲದ ಸುಳಿವಿದೆ. ಏಡನ್ ಮೂಲಕ ಮಂಗಳೂರಿಗೆ ಬಂದು, ಮೆಣಸು, ಅಡಿಕೆ, ಕಂಚಿನ ಸಾಮಾನುಗಳ ವ್ಯಾಪಾರ ಮಾಡಿ, 1149ರಲ್ಲಿ ಏಡನ್‌ಗೆ ಮರಳಿದ. 1132ರ ಅಕ್ಟೋಬರ್ 17ರಂದು ಅಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿ ಬರೆದ ಪತ್ರ ಇಂದಿಗೂ ಉಳಿದಿದೆ. ಅದರಲ್ಲಿ ಮಂಗಳೂರು 'ಮಂಜರೂರ್' ಆಗಿದೆ.

ಇವೆಲ್ಲ ಉಳಿದದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ. ದೇವರ ಹೆಸರಿದ್ದ ಕಾಗದವನ್ನು ಅವರು ಎಸೆಯುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಕುರ್‌ಆನಿನ ಹರಿದ ಹಾಳೆಯನ್ನು ಎತ್ತಿಡುವುದಿಲ್ಲವೇ, ಹಾಗೆ.

ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ಗುಲಾಮನೊಬ್ಬನ ಹೆಸರೂ ಪತ್ರಗಳಲ್ಲಿದೆ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಉರ್ದುವಿನಂತೆ ಅದರಲ್ಲೂ ಹ್ರಸ್ವ ಸ್ವರ ಬರೆಯುವುದಿಲ್ಲ. ಹೀಗಾಗಿ ಕಂಡದ್ದು ಬ, ಮ, ಕೊನೆಗೊಂದು ಸ್ವರದ ಗುರುತು, ಅಷ್ಟೇ. ಮೊದಲು 'ಬಾಮಾ' ಎಂಬಂತೆ ಓದಿದ್ದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು, ತುಳು ಜಾನಪದ ಬಲ್ಲ ಪ್ರೊ. ಬಿ.ಎ. ವಿವೇಕ ರೈ ಅವರನ್ನು ಕೇಳಿದರು. ಆ ನಾಡಿನ ಹಳೆಯ ಹೆಸರುಗಳ ನಡುವೆ ಇಟ್ಟು ನೋಡಿದಾಗ ಅದು 'ಬೊಮ್ಮ' ಆಯಿತು. 1992ರಲ್ಲಿ ಬಂದ ಘೋಷ್ ಅವರ ಪುಸ್ತಕದಲ್ಲಿ ಈ ಹುಡುಕಾಟದ ಕಥೆ ಇದೆ. ಲಿಪಿ ಬಲ್ಲವರಿಗೆ ತಿಳಿಯದ್ದು ಊರು ಬಲ್ಲವರಿಗೆ ತಿಳಿಯಿತು.

ನಮ್ಮ ಕಾಗದಗಳಿಗೂ ಇದೇ ದಾರಿ. ಜೇರ್, ಜಬರ್, ಪೇಶ್ ಇಲ್ಲದೆ ಬರೆದ ಜಿಡಗಾವನ್ನು ಜಡಗಾ ಎಂದೂ ಓದಬಹುದು. ಉರ್ದುವಿನಲ್ಲಿ ಳ ಇಲ್ಲ, ಆದ್ದರಿಂದ ಆಳಂದ 'ಆಲಂದ' ಆಗುತ್ತದೆ. ತಷ್ದೀದ್ ಬಿಟ್ಟರೆ ಮಲ್ಲಪ್ಪ 'ಮಲಪಾ'. ವಾವ್ ಒಂದೇ ಅಕ್ಷರ ಊ, ಓ, ವ ಮೂರಕ್ಕೂ ನಿಲ್ಲುತ್ತದೆ. ಕನ್ನಡಕ್ಕೆ ಬಂದಾಗಲೂ ಮೆಹಬೂಬ್ ಒಂದು ಕಡೆ ಮಹಿಬೂಬ, ಇನ್ನೊಂದು ಕಡೆ ಮೈಬೂಬಸಾಬ.

ಆದ್ದರಿಂದ ಒಂದೇ ಸ್ಪೆಲ್ಲಿಂಗ್ ಹಿಡಿದು ಕೂರಬೇಡಿ. ಆಗಬಹುದಾದ ಎಲ್ಲ ರೂಪಗಳನ್ನೂ ಮೊದಲು ಬರೆದುಕೊಳ್ಳಿ. ಆಮೇಲೆ ತಂದೆಯ ಹೆಸರು, ಸರ್ವೆ ನಂಬರ್, ಹೊಲದ ಚಕ್ಕುಬಂದಿ ಕೂಡುತ್ತವೆಯೇ ನೋಡಿ. ಹೆಸರು ಮಾತ್ರ ಕೂಡಿದರೆ ಸಾಲದು, ಒಂದೇ ಊರಲ್ಲಿ ಮೂವರು ಮಲ್ಲಪ್ಪ ಇರುತ್ತಾರೆ. ವರ್ಷ ಫಸಲಿಯಲ್ಲಿದ್ದರೆ 590 ಕೂಡಿಸಿ: 1340 ಫಸಲಿ ಎಂದರೆ 1930-31. ಇಷ್ಟಾದ ಮೇಲೆ ಉರ್ದು ಬಲ್ಲ ಹಿರಿಯರೊಬ್ಬರನ್ನೂ ನಿಮ್ಮ ಓಣಿಯ ಮನೆತನಗಳನ್ನು ಬಲ್ಲವರೊಬ್ಬರನ್ನೂ ಒಟ್ಟಿಗೆ ಕೂಡಿಸಿ ಆ ಕಾಗದವನ್ನು ಓದಿಸಿ. ಅಂಥವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.